ಯಾರನ್ನು ನೋಡಿ ನಡೆಯಬೇಕು: ಮಾದರಿಗಳನ್ನು ಆರಿಸಿಕೊಂಡ ನನ್ನ ಅನುಭವ

ದೀಕ್ಷಾಸ್ನಾನ ಪಡೆದ ನಂತರದ ಐದು ವರ್ಷಗಳಲ್ಲಿ ನನ್ನ ವಿಶ್ವಾಸಜೀವನವನ್ನು ಹೆಚ್ಚಾಗಿ ರೂಪಿಸಿದವರು, ನಾನು ಒಮ್ಮೆಯೂ ಮುಖತಃ ಕಾಣದ ಒಬ್ಬ ಬೋಧಕರು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗಲೂ ರಾತ್ರಿ ಮಲಗುವ ಮುನ್ನವೂ ಮೊಬೈಲಿನಲ್ಲಿ ಅವರ ಪ್ರಸಂಗಗಳನ್ನೇ ಕೇಳುತ್ತಿದ್ದೆ. ಅವರು ದೇವರ ವಾಕ್ಯವನ್ನು ಚೆನ್ನಾಗಿ ಬಲ್ಲವರು. ಅವರಿಂದ ಕಲಿತದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಭಾನುವಾರ ನಮ್ಮ ಕ್ರೈಸ್ತ ಸಭೆಯ ಯುವಕನೊಬ್ಬ ಸತ್ಯವೇದದ (ಬೈಬಲಿನ) ಬಗ್ಗೆ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದ ನನ್ನ ಪತ್ನಿ, ಮನೆಗೆ ಬಂದ ಮೇಲೆ, "ನೀವು ಈಗ ಥೇಟ್ ಅವರ ಹಾಗೆಯೇ ಮಾತಾಡುತ್ತೀರಿ. ಆ ಹುಡುಗ ಇನ್ನು ನಿಮ್ಮ ಹತ್ತಿರ ಏನನ್ನೂ ಕೇಳುವುದಿಲ್ಲ" ಎಂದಳು.

ಅವಳ ಮಾತು ನಿಜವಾಗಿತ್ತು. ವಾಕ್ಯದ ತಿಳಿವಳಿಕೆಯ ಜೊತೆಗೆ ಆ ಬೋಧಕರ ಕಟುತನವನ್ನೂ, ತಮ್ಮನ್ನು ಒಪ್ಪದವರನ್ನು ಹೀಗಳೆಯುವ ರೀತಿಯನ್ನೂ ನಾನು ಅರಿವಿಲ್ಲದೆ ಮೈಗೂಡಿಸಿಕೊಂಡಿದ್ದೆ. ದುಸ್ಸಹವಾಸವು ಸದಾಚಾರವನ್ನು ಕೆಡಿಸುತ್ತದೆ ಎಂಬ ಎಚ್ಚರಿಕೆಯನ್ನು (1 ಕೊರಿಂಥ 15:33) ಕುಡುಕರ ಮತ್ತು ಜೂಜುಕೋರರ ಸಹವಾಸಕ್ಕೆ ಮಾತ್ರ ಅನ್ವಯಿಸುತ್ತಿದ್ದ ನನಗೆ, ಯೇಸುವಿನ ಅಪೊಸ್ತಲನಾದ ಪೌಲನು ಅದನ್ನು ಸಭೆಯೊಳಗೇ ಪುನರುತ್ಥಾನವನ್ನು ನಿರಾಕರಿಸುತ್ತಿದ್ದವರ ಸಂದರ್ಭದಲ್ಲಿ ಬರೆದಿದ್ದಾನೆಂಬುದು ಆಗ ಗಮನಕ್ಕೆ ಬಂತು.

ಆ ವಾರ ಇಬ್ರಿಯರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ಮತ್ತೆ ಮತ್ತೆ ಓದಿದೆ. ದೇವರ ವಾಕ್ಯವನ್ನು ತಿಳಿಸಿದ ನಾಯಕರ ಜೀವನವು ಎಂಥ ಫಲಕ್ಕೆ ಬಂತೆಂಬುದನ್ನು ಆಲೋಚಿಸಿ, ಆ ಮೇಲೆ ಅವರ ನಂಬಿಕೆಯನ್ನು ಅನುಸರಿಸಬೇಕೆಂದು 7ನೆಯ ವಚನ ಹೇಳುತ್ತದೆ. ಹಾಗೆ ಆಲೋಚಿಸಬೇಕಾದರೆ ಆ ಜೀವನ ನಮ್ಮ ಕಣ್ಣಿಗೆ ಕಾಣುವಂತಿರಬೇಕು. ಮನೆಯವರೊಡನೆ ಹೇಗಿರುತ್ತಾರೆ, ತಪ್ಪಿದವನನ್ನು ಹೇಗೆ ನಡೆಸಿಕೊಳ್ಳುತ್ತಾರೆ, ತಮ್ಮ ತಪ್ಪನ್ನು ಯಾರಾದರೂ ತೋರಿಸಿದಾಗ ಏನು ಮಾಡುತ್ತಾರೆ ಎಂಬ ಯಾವುದೊಂದೂ ಆ ಬೋಧಕರ ವಿಷಯದಲ್ಲಿ ನನಗೆ ಗೊತ್ತಿರಲಿಲ್ಲ.

ಪ್ರಸಂಗಗಳನ್ನು ಕೇಳುವುದನ್ನು ಆರು ತಿಂಗಳು ನಿಲ್ಲಿಸಿ, ಆ ಹೊತ್ತಿನಲ್ಲಿ ಅಪೊಸ್ತಲರ ಕಾಲದ ಸಭೆಯ ಮುಂದಾಳುಗಳಲ್ಲೊಬ್ಬನಾದ ಬಾರ್ನಬನ ವಿಷಯವಿರುವ ಸತ್ಯವೇದದ ಭಾಗಗಳನ್ನು ಮಾತ್ರ ಓದತೊಡಗಿದೆ. ನನ್ನ ಕೊರತೆ ಕನಿಕರದ್ದಾದ್ದರಿಂದ ಅವನನ್ನೇ ಆರಿಸಿಕೊಂಡೆ. ಯೆರೂಸಲೇಮಿನ ಶಿಷ್ಯರೆಲ್ಲರೂ ಹಿಂದೆ ತಮ್ಮನ್ನು ಹಿಂಸಿಸಿದ್ದ ಸೌಲನಿಗೆ (ಮುಂದೆ ಪೌಲನೆನಿಸಿದವನು ಇವನೇ) ಹೆದರಿ ದೂರ ನಿಂತಾಗ ಅವನನ್ನು ಅಪೊಸ್ತಲರ ಬಳಿಗೆ ಕರೆದುಕೊಂಡು ಹೋದವನು ಬಾರ್ನಬ. ಅಂತಿಯೋಕ್ಯದಲ್ಲಿ ಸಭೆ ಬೆಳೆಯುತ್ತಿದ್ದಾಗ ತಾನೊಬ್ಬನೇ ಮುಂದಾಳಾಗಿ ಉಳಿಯದೆ, ತಾರ್ಸಕ್ಕೆ ಹೋಗಿ ಅದೇ ಸೌಲನನ್ನು ಹುಡುಕಿ ಕರೆತಂದ. ಮುಂದೆ ಪೌಲನ ಹೆಸರು ಮೊದಲು ಬಂದು ಬಾರ್ನಬನ ಹೆಸರು ಹಿಂದಾಯಿತು. ಅದಕ್ಕಾಗಿ ಅವನು ಗೊಣಗಿದನೆಂದು ಈ ಚರಿತ್ರೆಯನ್ನು ಬರೆದ ಲೂಕನು ಎಲ್ಲಿಯೂ ಬರೆದಿಲ್ಲ. ಪ್ರಯಾಣದ ನಡುವೆ ಬಿಟ್ಟುಹೋಗಿದ್ದ ಮಾರ್ಕನನ್ನು ಪೌಲನು ಬೇಡವೆಂದಾಗ, ಬಾರ್ನಬನು ಅವನನ್ನು ಜೊತೆಗೆ ಕರೆದುಕೊಂಡು ಕುಪ್ರದ್ವೀಪಕ್ಕೆ ಹೋದ. ಎರಡನೆಯ ತಿಮೊಥೆಯ ಪತ್ರಿಕೆಯ ಕೊನೆಯಲ್ಲಿ, ಮಾರ್ಕನು ತನ್ನ ಸೇವೆಗೆ ಉಪಯುಕ್ತನೆಂದು ಪೌಲನೇ ಬರೆಯುತ್ತಾನೆ. ಆ ಯುವಕನಿಗೆ ನಾನು ಉತ್ತರ ಕೊಟ್ಟ ರೀತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿಕೊಂಡಾಗ ನನಗೆ ನಾಚಿಕೆಯಾಯಿತು.

ಓದಿದ್ದನ್ನು ಬದುಕಿನಲ್ಲಿ ನೋಡಬೇಕೆಂಬ ಆಸೆಯಿಂದ, ನಮ್ಮ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ಒಬ್ಬ ಹಿರಿಯರ ಬಳಿ ಹೋಗಿ, ನಿಮ್ಮ ಜೊತೆ ಇದ್ದು ಕಲಿಯಬಹುದೇ ಎಂದು ಕೇಳಿದೆ. ಹಾಗೆ ಕೇಳಲು ನನಗೆ ಮೂರು ವಾರ ಬೇಕಾಯಿತು. ಅವರು, "ಕಲಿಸುವುದಕ್ಕೆ ನನಗೇನು ಗೊತ್ತಿದೆ? ಶನಿವಾರ ಬನ್ನಿ, ಕಾಯಿಲೆಯವರನ್ನು ನೋಡಿಕೊಂಡು ಬರೋಣ" ಎಂದರು. ಅಲ್ಲಿಂದ ಪ್ರತಿ ಶನಿವಾರ ಅವರ ಜೊತೆ ಹೋದೆ. ಅವರು ಉಪದೇಶ ಮಾಡುತ್ತಿದ್ದದ್ದು ಬಹಳ ಕಡಿಮೆ. ರೋಗಿಯು ಹೇಳಿದ್ದನ್ನೇ ನಾಲ್ಕು ಸಲ ಹೇಳಿದರೂ ನಡುವೆ ಬಾಯಿ ಹಾಕದೆ ಕೇಳಿ, ಅವರು ಹೇಳಿದ ಒಂದೊಂದನ್ನೂ ಹೆಸರಿಸಿ ಪ್ರಾರ್ಥಿಸುತ್ತಿದ್ದರು.

ಎರಡನೆಯ ವರ್ಷ, ಸಭೆಯ ಒಂದು ಕೂಟದಲ್ಲಿ ಆ ಹಿರಿಯರೇ ತಮ್ಮ ಸಂಬಂಧಿಕರೊಬ್ಬರ ಪರವಾಗಿ ನ್ಯಾಯವಲ್ಲದ ಮಾತನ್ನಾಡಿದರು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇನ್ನು ಯಾರನ್ನೂ ಮಾದರಿಯಾಗಿ ಇಟ್ಟುಕೊಳ್ಳುವುದು ಬೇಡವೆಂದು ನಿರ್ಧರಿಸುವ ಹಂತದಲ್ಲಿದ್ದ ನನ್ನನ್ನು ತಡೆದದ್ದು ಗಲಾತ್ಯ 2:13. ಅಂತಿಯೋಕ್ಯದಲ್ಲಿ ಅಪೊಸ್ತಲ ಪೇತ್ರನು ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟಮಾಡುವುದನ್ನು ಬಿಟ್ಟಾಗ ಬಾರ್ನಬನೂ ಆ ಕಪಟದ ಸೆಳೆತಕ್ಕೆ ಸಿಕ್ಕಿದನೆಂದು ಅಲ್ಲಿ ಬರೆದಿದೆ. ಪೌಲನು ತನ್ನನ್ನು ಅನುಸರಿಸಿರಿ ಎಂದು ಹೇಳುವಾಗಲೂ ತಾನು ಕ್ರಿಸ್ತನನ್ನು ಅನುಸರಿಸುವ ಪ್ರಕಾರವೇ ಎಂದು ಸೇರಿಸಿದ್ದಾನೆ (1 ಕೊರಿಂಥ 11:1). ಆ ಮಾತು ಹಿಂಬಾಲಿಸುವವನಿಗೆ ಒಂದು ಎಲ್ಲೆಯನ್ನೂ ಹಾಕುತ್ತದೆಂದು ನಾನು ನಂಬುತ್ತೇನೆ. ಮುಂದಿನ ಶನಿವಾರ ಅವರಿಗೆ ನನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದೆ. ಅವರು ಏನೂ ಉತ್ತರ ಕೊಡಲಿಲ್ಲ. ಮುಂದಿನ ಕೂಟದಲ್ಲಿ ಎಲ್ಲರ ಎದುರು ಎದ್ದು ನಿಂತು, ತಾವು ಆಡಿದ ಮಾತು ತಪ್ಪೆಂದು ಹೇಳಿ ಕ್ಷಮೆ ಕೇಳಿದರು.

ಈಗ ಪ್ರಸಂಗಗಳನ್ನು ಮತ್ತೆ ಕೇಳುತ್ತೇನೆ, ಆದರೆ ಒಬ್ಬರದನ್ನೇ ಅಲ್ಲ. ಬೆರೋಯ ಎಂಬ ಊರಿನವರು ಪೌಲನ ಮಾತನ್ನೂ ಶಾಸ್ತ್ರದಲ್ಲಿ ಪರಿಶೋಧಿಸಿದಂತೆ, ಸತ್ಯವೇದವನ್ನು ಮುಂದೆ ತೆರೆದಿಟ್ಟುಕೊಂಡು ಕೇಳುತ್ತೇನೆ. ತಿಂಗಳಿಗೊಮ್ಮೆ ನನ್ನ ಪತ್ನಿಯನ್ನು, ನನ್ನ ಮಾತಿನಲ್ಲಿ ಈಗ ಯಾರ ಧ್ವನಿ ಕೇಳಿಸುತ್ತಿದೆ ಎಂದು ಕೇಳುತ್ತೇನೆ. ಅವಳು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ.

ಆ ಹಿರಿಯರು ಕ್ಷಮೆ ಕೇಳಿದ ವಾರವೇ ನಾನು ಆ ಯುವಕನ ಮನೆಗೆ ಹೋದೆ. ನಾನು ಹೇಳಬೇಕಾದುದನ್ನು ಹೇಳಿ ಮುಗಿಸಿದ ಮೇಲೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ತನ್ನ ಸತ್ಯವೇದವನ್ನು ತಂದು, ಅಂದಿನ ಪ್ರಶ್ನೆಯನ್ನೇ ಮತ್ತೆ ಕೇಳಿದ.