ಮಗಳ ರೈಫಲ್‌ಗೆ ಎರಡು ಕಂಬ

ಮಗಳು ಹತ್ತು ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಾಳೆ. ಬೆಳೆಯುವ ವಯಸ್ಸು, ಕತ್ತು ಉದ್ದವಾದಂತೆ ಕೆನ್ನೆ ಒರಗಿಸುವ ಮರದ ತುಂಡು, ಅಂದರೆ ಚೀಕ್‌ಪೀಸ್, ತಗ್ಗಿನಲ್ಲೇ ಉಳಿಯಿತು. "ಅಪ್ಪಾ, ಪ್ರತಿ ಸಲವೂ ಕೆನ್ನೆ ಬೇರೆ ಬೇರೆ ಕಡೆ ಕೂರುತ್ತದೆ" ಎಂದಳು. ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆ ಬರೀ 0.5 ಮಿಲಿಮೀಟರ್. ಕೆನ್ನೆ ಸರಿದರೆ ಕಣ್ಣು ಸರಿಯುತ್ತದೆ, ಕಣ್ಣು ಸರಿದರೆ ಚುಕ್ಕೆ ಕೈತಪ್ಪುತ್ತದೆ. ಪೀಣ್ಯದ ಟೂಲ್‌ರೂಮಿನಲ್ಲಿ ಬಹಳ ವರ್ಷ ದುಡಿದ ನಾನು, ಎತ್ತರ ಬದಲಿಸಬಹುದಾದ ಚೀಕ್‌ಪೀಸ್ ಜೋಡಣೆಯನ್ನು ಕೈಯಾರೆ ಮಾಡಿಕೊಡಲು ನಿರ್ಧರಿಸಿದೆ.

ಮೊದಲು ಗಾಳಿಯ ಸಿಲಿಂಡರ್ ಮತ್ತು ನಳಿಗೆಯ ಭಾಗ ಬಿಚ್ಚಿ ಬೇರೆ ಕೋಣೆಯಲ್ಲಿಟ್ಟೆ. ಬೆಂಚಿನ ಮೇಲೆ ಉಳಿದದ್ದು ಸ್ಟಾಕ್, ಅಂದರೆ ರೈಫಲ್ಲಿನ ಮರದ ಹಿಡಿ ಮಾತ್ರ.

ಯೋಜನೆ ಸರಳ: ಸ್ಟಾಕ್‌ನೊಳಗೆ 100 ಮಿ.ಮೀ. ಉದ್ದದ ಅಲ್ಯೂಮಿನಿಯಂ ಬ್ಲಾಕ್, ಅದರಲ್ಲಿ ಏರಿಳಿಯುವ 12 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಕಂಬಗಳೆರಡು, ಅವುಗಳ ತಲೆಯ ಮೇಲೆ ಚೀಕ್‌ಪೀಸ್. ಕಷ್ಟವಿದ್ದದ್ದು ಎರಡು ತೂತುಗಳನ್ನು ಸಮಾಂತರವಾಗಿಸುವುದರಲ್ಲಿ. ಸ್ವಲ್ಪ ಓರೆಯಾದರೂ ಒಂದು ಕಂಬ ಇಳಿಯುವಾಗ ಇನ್ನೊಂದು ಹಿಡಿದುಕೊಳ್ಳುತ್ತದೆ. ಬ್ಲಾಕನ್ನು ಮಿಲ್ಲಿಂಗ್ ಯಂತ್ರದ ವೈಸಿನಲ್ಲಿ ಒಮ್ಮೆ ಬಿಗಿದವನು ಎರಡೂ ತೂತು ಮುಗಿಯುವವರೆಗೆ ಸಡಿಲಿಸಲಿಲ್ಲ. 11.8ರ ಡ್ರಿಲ್ ಹಾಕಿ, ತೂತನ್ನು ನಿಖರ ಅಳತೆಗೆ ನುಣುಪಾಗಿ ತರುವ 12ರ ರೀಮರ್ ಓಡಿಸಿ, ಮೇಜನ್ನು ಮಾತ್ರ ಸರಿಸಿ ಎರಡನೆಯದನ್ನು ಮಾಡಿದೆ. ಕಂಬ ತನ್ನ ಭಾರಕ್ಕೇ ನಿಧಾನವಾಗಿ ಇಳಿದಾಗ ಮನಸ್ಸು ತುಂಬಿತು.

ಪ್ರತಿ ತೂತಿನ ಬದಿಯಲ್ಲಿ ಸೀಳು ಹಾಕಿ, ಎಂ5 (5 ಮಿ.ಮೀ.) ಅಲೆನ್ ಸ್ಕ್ರೂ ಬಿಗಿದಾಗ ಸೀಳು ಕಿರಿದಾಗಿ ಕಂಬವನ್ನು ಸುತ್ತಲೂ ಹಿಡಿಯುವಂತೆ ಮಾಡಿದೆ. ಸ್ಕ್ರೂ ತುದಿಯನ್ನು ಕಂಬಕ್ಕೆ ನೇರವಾಗಿ ಒತ್ತಿಸುವವರಿದ್ದಾರೆ, ನನಗದು ಹಿಡಿಸುವುದಿಲ್ಲ. ಕಂಬದಲ್ಲಿ ಗುಳಿ ಬಿದ್ದರೆ ಮುಂದೆ ಅರ್ಧ ಮಿಲಿಮೀಟರ್ ಮೇಲೆ ಕೆಳಗೆ ಮಾಡಲು ಹೋದಾಗಲೆಲ್ಲ ಸ್ಕ್ರೂ ಹಳೆಯ ಗುಳಿಗೇ ಜಾರುತ್ತದೆ. ಪದೇ ಪದೇ ಬಿಚ್ಚಿ ಬಿಗಿದರೆ ಅಲ್ಯೂಮಿನಿಯಂನ ಥ್ರೆಡ್ ಸವೆಯುತ್ತದೆಂದು ಅಲ್ಲಿ ಉಕ್ಕಿನ ತಂತಿಯ ಇನ್ಸರ್ಟ್, ಅಂದರೆ ಥ್ರೆಡ್ಡಿನಾಕಾರದ ಸುರುಳಿ, ಕೂರಿಸಿದೆ.

ತೂಕದ ಮೇಲೂ ಕಣ್ಣಿಡಬೇಕಿತ್ತು. ನಿಯಮದ ಪ್ರಕಾರ ಏರ್ ರೈಫಲ್ 5.5 ಕಿಲೋ ಮೀರುವಂತಿಲ್ಲ, ಜೊತೆಗೆ ಹಿಂಭಾರವಾದರೆ ನಿಂತು ಹಿಡಿಯುವ ಸಮತೋಲವೇ ಕೆಡುತ್ತದೆ. 70 ಮಿ.ಮೀ. ಉದ್ದದ ಒಂದು ಕಂಬ 62 ಗ್ರಾಂ ತೂಗುತ್ತಿತ್ತು. ಲೇತ್‌ನಲ್ಲಿ ಕೆಳಗಿನಿಂದ 8 ಮಿ.ಮೀ. ತೂತು ಕೊರೆದು, ತಲೆಗೆ ಥ್ರೆಡ್ ಹಾಕಿದ ಮೇಲೆ ಸುಮಾರು 40ಕ್ಕೆ ಇಳಿಯಿತು. ಅದೇ ಲೇತ್‌ನಲ್ಲಿ ಕಂಬದ ಸುತ್ತ ಮಿಲಿಮೀಟರಿಗೊಂದು ಸಣ್ಣ ಗೀಟು ಕೆತ್ತಿದೆ, ಪ್ರತಿ ಐದನೆಯದು ಕೊಂಚ ಆಳ. ಭುಜಕ್ಕೆ ಒರಗುವ ಬಟ್ ಪ್ಲೇಟಿನ ಹಿಂದೆ ಸೇರಿಸುವ 5 ಮಿ.ಮೀ. ತಗಡುಗಳು ಒಂದು ಮಧ್ಯಾಹ್ನದ ಕೆಲಸ.

ಎಡವಿದ್ದು ಕೊನೆಯಲ್ಲಿ. ಕಪ್ಪು ಬಣ್ಣ ಬರಲೆಂದು ಬ್ಲಾಕನ್ನು ಆನೊಡೈಸಿಂಗ್‌ಗೆ, ಅಂದರೆ ವಿದ್ಯುತ್ತಿನಿಂದ ಅಲ್ಯೂಮಿನಿಯಂ ಮೇಲೆ ಗಟ್ಟಿ ಆಕ್ಸೈಡ್ ಲೇಪ ಬೆಳೆಸಲು ಕೊಟ್ಟೆ. ಮರಳಿ ಬಂದಾಗ ನುಣ್ಣಗೆ ಜಾರುತ್ತಿದ್ದ ಕಂಬ ತೂತಿನ ಬಾಯಲ್ಲೇ ನಿಂತಿತು. ಅವರ ಕೆಲಸ ಅಚ್ಚುಕಟ್ಟಾಗಿಯೇ ಇತ್ತು, ತಪ್ಪು ನನ್ನದು. 20 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಲೇಪದಲ್ಲಿ ಅರ್ಧದಷ್ಟು ಲೋಹದ ಹೊರಕ್ಕೆ ಬೆಳೆಯುತ್ತದೆ. ಎರಡೂ ಕಡೆಯಿಂದ ಹತ್ತು ಹತ್ತು ಸೇರಿ ತೂತು 20 ಮೈಕ್ರಾನ್ ಕಿರಿದಾಗಿತ್ತು, ನಾನು ಬಿಟ್ಟಿದ್ದ ಸಡಿಲ ಅಷ್ಟಿರಲಿಲ್ಲ. ಆ ಲೇಪ ಎಷ್ಟು ಗಟ್ಟಿಯೆಂದರೆ ರೀಮರ್ ಹಾಕಿದರೆ ಅದರ ಅಲಗೇ ಹಾಳಾಗುತ್ತದೆ. ಇನ್ನೊಂದು ಬ್ಲಾಕ್ ಮೊದಲಿನಿಂದ ಮಾಡಿ, ಈ ಸಲ ತೂತುಗಳಿಗೆ ರಬ್ಬರ್ ಬಿರಡೆ ತುರುಕಿ ಕಳುಹಿಸಿದೆ.

ಜೋಡಿಸಿದ ಸಂಜೆ ಮಗಳು ಕಣ್ಣು ಮುಚ್ಚಿ ರೈಫಲ್ ಭುಜಕ್ಕೇರಿಸಿ, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ತೆರೆದಳು. ಹತ್ತಾರು ಸಲ ಹಾಗೆಯೇ ಮಾಡಿದಳು. ಪ್ರತಿ ಸಲವೂ ಕಣ್ಣು ಹಿಂದಿನ ಸೈಟಿನ ನಡುವಿಗೇ ಬಂತು. ಆ ದಿನ ಅವಳು ಡೈರಿಯಲ್ಲಿ ಬರೆದುಕೊಂಡ ಗೀಟು 11. ಈಗ 14.