ಅಂಕಿಗೊಂದು ಪೂರ್ತಿ ವಾಕ್ಯ

ಕುಂಬಳೆ ಪರಿಸರದ ನಮ್ಮ ಗ್ರಂಥಾಲಯದ ಸಂವಾದಗಳಿಗೆ ಅಂಕಿಅಂಶ ಹೊಂದಿಸಿ ಕೊಡುವ ಹೊಣೆ ಬಹುಕಾಲದಿಂದ ನನ್ನದು. ಹೈಯರ್ ಸೆಕೆಂಡರಿಯಲ್ಲಿ ಅರ್ಥಶಾಸ್ತ್ರ ಕಲಿಸುವವನೆಂದು ನನಗೇ ಒಪ್ಪಿಸಿದ್ದಾರೆ. ಅಡಿಕೆ ಧಾರಣೆಯ ಅಂಕಿ ಹೆಚ್ಚುಕಡಿಮೆಯಾದರೆ ಮುಂದಿನ ಸಭೆಯಲ್ಲಿ ತಿದ್ದಬಹುದು. ಭಯೋತ್ಪಾದನೆಯ ಅಂಕಿ ಹಾಗಲ್ಲ. ಅದು ಸಭೆಯಲ್ಲೇ ಕುಳಿತಿರುವ ಯಾರದೋ ಊರಿಗೆ, ಮತಕ್ಕೆ, ಮನೆತನಕ್ಕೆ ಅಂಟಿಕೊಳ್ಳುತ್ತದೆ.

ನಮ್ಮ ಜಿಲ್ಲೆ ಇದನ್ನು ಅನುಭವಿಸಿದೆ. 2016ರಲ್ಲಿ ಕೇರಳದಿಂದ 21 ಮಂದಿ ಕಾಣೆಯಾಗಿ, ಅಫ್ಘಾನಿಸ್ತಾನದಲ್ಲಿ ಇಸ್ಲಾಮಿಕ್ ಸ್ಟೇಟ್ (ಐಎಸ್) ಎಂಬ ಉಗ್ರ ಸಂಘಟನೆ ಸೇರಿದ್ದಾರೆಂದು ಸುದ್ದಿಯಾಯಿತು. ಅವರಲ್ಲಿ ಹೆಚ್ಚಿನವರು ಕಾಸರಗೋಡಿನ ದಕ್ಷಿಣ ತುದಿಯ ತೃಕ್ಕರಿಪುರ, ಪಡನ್ನ ಕಡೆಯವರು. ಕೆಲವು ವರ್ಷಗಳ ಬಳಿಕ ‘ದಿ ಕೇರಳ ಸ್ಟೋರಿ’ ಸಿನೆಮಾದ ಟೀಸರ್, ಕೇರಳದ 32,000 ಯುವತಿಯರು ಹೀಗೆ ಹೋದರು ಎಂಬ ಸಂಖ್ಯೆಯನ್ನು ಮನೆಮನೆಗೆ ಮುಟ್ಟಿಸಿತು. 2023ರಲ್ಲಿ ತಯಾರಕರೇ ಅದನ್ನು ಮೂವರು ಯುವತಿಯರ ಕಥೆ ಎಂದು ಬದಲಿಸಿದರೂ ಮೊದಲಿನ ಸಂಖ್ಯೆ ಬಾಯಿಂದ ಬಾಯಿಗೆ ಓಡುತ್ತಲೇ ಇತ್ತು.

ಆ ವಿಷಯ ಸಂವಾದಕ್ಕೆ ಬಂದಾಗ ನಾನೊಂದು ನಿಯಮ ಮಾಡಿದೆ. ಸಂಖ್ಯೆಯನ್ನು ಒಂಟಿಯಾಗಿ ಹೇಳುವಂತಿಲ್ಲ. ಯಾರು, ಎಲ್ಲಿ, ಯಾವ ಅವಧಿಯಲ್ಲಿ, ಎಣಿಸಿದವರು ಯಾರು ಎಂಬುದೆಲ್ಲ ಸೇರಿದ ಪೂರ್ತಿ ವಾಕ್ಯವನ್ನೇ ಹಲಗೆಯ ಮೇಲೆ ಬರೆಯಬೇಕು. 21 ನಿಂತಿತು, ಆದರೆ ಅದರೊಳಗೆ ಹೆಂಗಸರೂ ಮಕ್ಕಳೂ ಇದ್ದಾರೆ ಎಂದು ಸೇರಿಸಬೇಕಾಯಿತು. 66 ಎಂಬ ಇನ್ನೊಂದು ಅಂಕಿಯೂ ನಿಂತಿತು: 2020ರ ನವೆಂಬರ್‌ವರೆಗೆ ಐಎಸ್ ಜೊತೆಗಿದ್ದರೆಂದು ತಿಳಿದುಬಂದ ಭಾರತೀಯ ಮೂಲದ ಹೋರಾಟಗಾರರು, ಅಮೆರಿಕದ ವಿದೇಶಾಂಗ ಇಲಾಖೆಯ ವರದಿಯಂತೆ. ಇಡೀ ಭಾರತ ಮೂಲದವರ ಲೆಕ್ಕವದು. 21ರ ಜೊತೆ ಕೂಡಿಸುವುದಕ್ಕೂ ಕಳೆಯುವುದಕ್ಕೂ ಬರುವುದಿಲ್ಲ. 32,000ಕ್ಕೆ ಎಣಿಸಿದವರ ಹೆಸರು ಯಾರಿಂದಲೂ ಹೇಳಲಾಗಲಿಲ್ಲ, ವಾಕ್ಯ ಆಗಲಿಲ್ಲ, ಹಲಗೆಗೆ ಬರಲಿಲ್ಲ.

2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 13,07,375. ಆ 21 ಮಂದಿಯೂ ನಮ್ಮವರೇ ಎಂದಿಟ್ಟುಕೊಂಡರೂ ಲಕ್ಷಕ್ಕೆ ಇಬ್ಬರನ್ನು ಮುಟ್ಟುವುದಿಲ್ಲ. ಇದನ್ನು ಬರೆದಾಗ ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ: "ಮಾಸ್ಟ್ರೇ, ಹಾಗಾದರೆ ಏನೂ ಆಗಿಲ್ಲವೆಂದೇ?" ಆ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು. ಎಷ್ಟು ಜನ ಎಂಬುದಷ್ಟೇ ಆ ದರಕ್ಕೆ ಗೊತ್ತು. ಮಕ್ಕಳನ್ನು ಕಳೆದುಕೊಂಡ ಮನೆಯ ಸಂಕಟವಾಗಲಿ, ಹಾಗೆ ಸೆಳೆದುಕೊಂಡು ಹೋದ ಸಂಘಟನೆಯ ಕ್ರೌರ್ಯವಾಗಲಿ ಅದರಲ್ಲಿ ಇಲ್ಲ. ಆದರೆ ಉಳಿದ ಲಕ್ಷಾಂತರ ಜನರನ್ನು ಅನುಮಾನಿಸಲು ಆಧಾರವೂ ಅದರಲ್ಲಿಲ್ಲ.

ದತ್ತಾಂಶ ತೆರೆದಾಗ ನಾನು ಮೊದಲು ನೋಡುವುದು ಖಾಲಿ ಜಾಗಗಳನ್ನು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜಾಗತಿಕ ಭಯೋತ್ಪಾದನಾ ದತ್ತಾಂಶ 1970ರಿಂದ ಆರಂಭವಾಗುತ್ತದೆ, ಆದರೆ 1993 ಅದರಲ್ಲಿಲ್ಲ. ಮೊದಲು ಸಂಗ್ರಹಿಸುತ್ತಿದ್ದವರ ಕಚೇರಿ ಸ್ಥಳಾಂತರವಾದಾಗ ಆ ವರ್ಷದ ಕಡತಗಳು ಕಳೆದುಹೋದವು. ಮುಂಬೈಯಲ್ಲಿ 257 ಜನರನ್ನು ಬಲಿತೆಗೆದುಕೊಂಡ ಮಾರ್ಚ್ 12ರ ಸರಣಿ ಸ್ಫೋಟ ಅದೇ ವರ್ಷದ್ದು. ಇದನ್ನು ತಿಳಿಯದೆ ಭಾರತದ ರೇಖಾಚಿತ್ರ ಬರೆದವರು ಆ ವರ್ಷವನ್ನು ಶಾಂತಿಯ ವರ್ಷವೆಂದು ಓದಿಬಿಡಬಹುದು. ಅದೂ ಅಲ್ಲದೆ ಆ ಪಟ್ಟಿಯಲ್ಲಿರುವುದು ಸರಕಾರೇತರ ಗುಂಪುಗಳ ಕೃತ್ಯಗಳು ಮಾತ್ರ. 2012ರ ಹೊತ್ತಿಗೆ ಸಂಗ್ರಹಿಸುವ ವಿಧಾನವೂ ಬದಲಾಗಿದೆ, ಆದ್ದರಿಂದ ಅದರ ಹಿಂದುಮುಂದಿನ ಏರಿಕೆಯನ್ನು ನೇರವಾಗಿ ನಂಬುವಂತಿಲ್ಲ.

ದೆಹಲಿಯಿಂದ ನಡೆಯುವ ದಕ್ಷಿಣ ಏಷ್ಯಾ ಭಯೋತ್ಪಾದನಾ ಪೋರ್ಟಲ್ ನನಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅದು ನಾಗರಿಕರು, ಭದ್ರತಾ ಸಿಬ್ಬಂದಿ, ಉಗ್ರರು ಎಂದು ಸಾವುಗಳನ್ನು ಬೇರೆಬೇರೆ ಕೊಡುತ್ತದೆ. ಒಟ್ಟು ಮೊತ್ತವನ್ನಷ್ಟೇ ಎತ್ತಿಕೊಂಡರೆ ಅನರ್ಥ. 2024ರಲ್ಲಿ ಛತ್ತೀಸ್‌ಗಢದ ಕಾರ್ಯಾಚರಣೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಾವೋವಾದಿಗಳು ಸತ್ತರು. ಒಟ್ಟು ಸಾವು ಏರಿತೆಂದು ಜನರ ಮೇಲಿನ ದಾಳಿಯೂ ಅಷ್ಟೇ ಏರಿತೆಂದು ಹೇಳಲಾಗದು.

ನಮ್ಮಲ್ಲಿ ಅತಿ ಹೆಚ್ಚು ಜಗಳವಾಗುವುದು ಭಯೋತ್ಪಾದನೆ ಪ್ರಕರಣಗಳಿಗೆ ಹಾಕುವ ಯುಎಪಿಎ ಕಾಯ್ದೆಯಡಿ ಎಷ್ಟು ಮಂದಿಗೆ ಶಿಕ್ಷೆಯಾಗುತ್ತದೆ ಎಂಬ ಬಗ್ಗೆ. ಒಬ್ಬರು ಶೇಕಡಾ 3 ಎನ್ನುತ್ತಾರೆ, ಇನ್ನೊಬ್ಬರು 90ಕ್ಕೂ ಮೇಲೆ ಎನ್ನುತ್ತಾರೆ. ಇಬ್ಬರ ಬಳಿಯೂ ಸರಕಾರಿ ಮೂಲವಿದೆ. 2018ರಿಂದ 2020ರವರೆಗೆ 4,690 ಮಂದಿಯ ಬಂಧನ, 149 ಮಂದಿಗೆ ಶಿಕ್ಷೆ ಎಂದು ಸಂಸತ್ತಿಗೆ ಉತ್ತರ ಬಂದಿತ್ತು; ಭಾಗಿಸಿದರೆ ಶೇಕಡಾ 3ರಷ್ಟು. ಆದರೆ ಶಿಕ್ಷೆಯಾದವರಲ್ಲಿ ಅನೇಕರು ಹಳೆಯ ವರ್ಷಗಳಲ್ಲಿ ಸಿಕ್ಕಿಬಿದ್ದವರಾಗಿರಬಹುದು, ಹೊಸದಾಗಿ ಬಂಧಿತರಾದ ಹಲವರ ವಿಚಾರಣೆ ಆಗ ಮುಗಿದೇ ಇರಲಿಲ್ಲ. 90ರ ಅಂಕಿ ಕೇಂದ್ರದ ರಾಷ್ಟ್ರೀಯ ತನಿಖಾ ಸಂಸ್ಥೆ ಎನ್‌ಐಎಯದು. ಅದು ಆ ಸಂಸ್ಥೆ ನಡೆಸಿ ತೀರ್ಪು ಬಂದ ಪ್ರಕರಣಗಳನ್ನು ಮಾತ್ರ ಎಣಿಸುತ್ತದೆ. ರಾಜ್ಯ ಪೊಲೀಸರ ಪ್ರಕರಣಗಳು ಅದರಲ್ಲಿಲ್ಲ. ತೀರ್ಪಿಲ್ಲದೆ ವರ್ಷಗಟ್ಟಲೆ ಜೈಲಿನಲ್ಲಿರುವವನು ಆ ಲೆಕ್ಕದೊಳಗೆ ಕಾಣುವುದೇ ಇಲ್ಲ, ನನ್ನನ್ನು ಹೆಚ್ಚು ಕಾಡುವವನು ಅವನೇ. ಭಾಗಿಸುವ ಸಂಖ್ಯೆ ಯಾವುದೆಂದು ಇಬ್ಬರಿಂದಲೂ ಬರೆಸಿದ ಮೇಲೆ ಚರ್ಚೆ ಸರಿಯಾದ ದಾರಿಗೆ ಬಂತು: ವಿಚಾರಣೆ ಇಷ್ಟು ತಡವಾಗುವುದೇಕೆ?

ಭಯೋತ್ಪಾದನೆಗಿಂತ ರಸ್ತೆ ಅಪಘಾತದಲ್ಲೇ ಹೆಚ್ಚು ಜನ ಸಾಯುತ್ತಾರಲ್ಲ ಎಂಬ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತದ್ದು ದೊಡ್ಡ ದುರಂತವೇ. ಆದರೆ ರಸ್ತೆ ಸಾವು ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. 2008ರ ನವೆಂಬರ್‌ನಲ್ಲಿ ಮುಂಬೈಗೆ ಬಂದ ಹತ್ತು ಮಂದಿ 166 ಜನರನ್ನು ಕೊಂದರು. ಹಿಂದಿನ ವರ್ಷದ ಸರಾಸರಿ ಅದರ ಮುನ್ಸೂಚನೆ ಕೊಡಲಿಲ್ಲ. ಹೋಲಿಸಲೇಬೇಕಾದರೆ ಒಂದೇ ಪ್ರದೇಶವನ್ನು, ಒಂದೇ ಮೂಲದಿಂದ, ನಾಗರಿಕರ ಸಾವನ್ನು ನಾಗರಿಕರ ಸಾವಿನೊಂದಿಗೆ, ಹತ್ತು ವರ್ಷವಾದರೂ ಇಟ್ಟು ಹೋಲಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ರೇಖೆ ಯಾವ ವರ್ಷದಿಂದ ಶುರುವಾಗಿದೆ ಎಂದೂ ನೋಡಿಸುತ್ತೇನೆ: ಮುಂಬೈಯ ಸಾವುಗಳನ್ನು 2008ರಿಂದ ಬರೆದರೆ ದೊಡ್ಡ ಇಳಿಕೆಯೇ ಮೊದಲು ಕಣ್ಣಿಗೆ ಬೀಳುತ್ತದೆ, 2007ರಿಂದ ಬರೆದರೆ ಎರಡನೇ ವರ್ಷದಲ್ಲಿ ಒಂದು ಕಂಬ ಎದ್ದು ನಿಲ್ಲುತ್ತದೆ.