ನಿಮ್ಮೂರಿನ ಪ್ರಶ್ನೆಗೆ ಸದನದಲ್ಲಿ ಮಂತ್ರಿಯಿಂದ ಉತ್ತರ ಪಡೆಯುವುದು ಹೇಗೆ?

ಬೆಳೆ ವಿಮೆ ಹಣ ಬಂದಿಲ್ಲ. ಶಾಲೆಯಲ್ಲಿ ಗಣಿತಕ್ಕೆ ಮೇಷ್ಟ್ರಿಲ್ಲ. ಇಂಥ ಅಹವಾಲು ಹಿಡಿದು ಶಾಸಕರ ಮನೆ ಮುಂದೆ ನಿಲ್ಲುವವರು ಬಹಳ ಜನ. ಶಾಸಕರು ಅಧಿಕಾರಿಗೆ ಒಂದು ಫೋನ್ ಮಾಡುತ್ತಾರೆ. ‘ಆಯ್ತು ಸಾರ್, ನೋಡ್ತೀನಿ’ ಎನ್ನುವ ಮಾತು ಬರುತ್ತದೆ. ಅಲ್ಲಿಗೆ ಮುಗಿಯಿತು. ಆದರೆ ಶಾಸಕರ ಬಳಿ ಫೋನಿಗಿಂತ ಗಟ್ಟಿಯಾದದ್ದು ಒಂದಿದೆ. ಅದು ಸದನದಲ್ಲಿ ಪ್ರಶ್ನೆ ಕೇಳುವ ಹಕ್ಕು. ಅದಕ್ಕೆ ಮಂತ್ರಿಯೇ ಉತ್ತರ ಕೊಡಬೇಕು, ಆ ಉತ್ತರ ದಾಖಲೆಯಲ್ಲಿ ಉಳಿಯುತ್ತದೆ. ಆ ಪ್ರಶ್ನೆಗೆ ಬೇಕಾದ ಸರಕು ಒದಗಿಸುವ ಕೆಲಸ ಮಾತ್ರ ನಮ್ಮದು.

ಯಾವ ಮಂತ್ರಿ ಅನ್ನುವುದು ಮೊದಲು ಗೊತ್ತಿರಲಿ

ರೈತರ ವಿಷಯ ಎಂದ ಕೂಡಲೇ ಕೃಷಿ ಸಚಿವರು ಎಂದುಕೊಳ್ಳಬೇಡಿ. ಬರ, ನೆರೆಯಲ್ಲಿ ಸರ್ಕಾರ ಕೊಡುವ ಬೆಳೆ ಪರಿಹಾರ ಕಂದಾಯ ಇಲಾಖೆಯದು. ಕಂತು ಕಟ್ಟಿ ಮಾಡಿಸಿದ ರಾಗಿ, ಮೆಕ್ಕೆಜೋಳದ ಬೆಳೆ ವಿಮೆ ಕೃಷಿ ಇಲಾಖೆಯದು. ಅಡಿಕೆ, ದಾಳಿಂಬೆಯ ಹವಾಮಾನ ಆಧಾರಿತ ವಿಮೆ ತೋಟಗಾರಿಕೆಯದು. ಸೊಸೈಟಿ ಬೆಳೆ ಸಾಲ ಸಹಕಾರ ಇಲಾಖೆಯದು. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಅಂಥ ವರ್ಷ ಒಬ್ಬನೇ ರೈತನಿಗೆ ಪರಿಹಾರವೂ ಬರಬೇಕು, ವಿಮೆಯೂ ಬರಬೇಕು. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ತುಂಬಿದರೆ ‘ಇದು ನಮ್ಮ ಇಲಾಖೆಗೆ ಬರುವುದಿಲ್ಲ’ ಎಂದು ಜಾರಿಕೊಳ್ಳಲು ದಾರಿ ಸಿಗುತ್ತದೆ.

ಶಿಕ್ಷಣದಲ್ಲೂ ಹಾಗೆಯೇ. ಸರ್ಕಾರಿ ಶಾಲೆ ಶಾಲಾ ಶಿಕ್ಷಣ ಇಲಾಖೆಗೆ, ಡಿಗ್ರಿ ಕಾಲೇಜು ಉನ್ನತ ಶಿಕ್ಷಣಕ್ಕೆ, ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆಗೆ ಸೇರುತ್ತವೆ.

ಬೆಂಬಲ ಬೆಲೆ ಬಗ್ಗೆ ಒಂದು ಮಾತು. ಅದನ್ನು ನಿಗದಿ ಮಾಡುವುದು ಕೇಂದ್ರ. ‘ಬೆಲೆ ಏಕೆ ಕಡಿಮೆ’ ಎಂದು ರಾಜ್ಯದ ಮಂತ್ರಿಯನ್ನು ಕೇಳಿದರೆ, ಕೇಂದ್ರಕ್ಕೆ ಪತ್ರ ಬರೆದಿದ್ದೇವೆ ಎನ್ನುತ್ತಾರೆ. ಅದರ ಬದಲು ನಮ್ಮ ತಾಲ್ಲೂಕಿನಲ್ಲಿ ತೊಗರಿ ಖರೀದಿ ಕೇಂದ್ರ ಯಾವ ದಿನ ತೆರೆಯಿತು, ಎಷ್ಟು ಕ್ವಿಂಟಲ್ ಕೊಂಡರು, ಹಣ ಎಷ್ಟು ದಿನಕ್ಕೆ ಖಾತೆಗೆ ಬಂತು ಎಂದು ಕೇಳಿಸಿ.

ಪ್ರಶ್ನೆ ಬರೆಯುವ ಬಗೆ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ ಕೆಲಸ ಇದು. ‘ರೈತರ ಸಂಕಷ್ಟಕ್ಕೆ ಸರ್ಕಾರ ಏನು ಮಾಡಿದೆ?’ ಎಂದರೆ ಉತ್ತರವಾಗಿ ಯೋಜನೆಗಳ ಪಟ್ಟಿ ಬರುತ್ತದೆ. ಎಣಿಸಬಹುದಾದದ್ದನ್ನು ಕೇಳಬೇಕು. ಊರು, ವರ್ಷ, ಬೆಳೆ ಮೂರನ್ನೂ ಹೆಸರಿಸಬೇಕು. ಸದನದ ಪ್ರಶ್ನೆಗಳು ಅ, ಆ, ಇ ಎಂದು ಭಾಗವಾಗಿರುತ್ತವೆ. ನೀವೂ ಹಾಗೆಯೇ ಬರೆದುಕೊಡಿ:

(ಅ) 2023-24ರ ಮುಂಗಾರಿನಲ್ಲಿ ಈ ತಾಲ್ಲೂಕಿನಲ್ಲಿ ಮೆಕ್ಕೆಜೋಳಕ್ಕೆ ವಿಮೆ ಮಾಡಿಸಿದ ರೈತರೆಷ್ಟು, ಅವರು ಕಟ್ಟಿದ ಕಂತು ಎಷ್ಟು?
(ಆ) ಪರಿಹಾರ ಪಡೆದವರೆಷ್ಟು? ಗ್ರಾಮ ಪಂಚಾಯಿತಿವಾರು ವಿವರ ನೀಡುವುದು.
(ಇ) ಬೆಳೆ ಕಟಾವು ಪ್ರಯೋಗ ಯಾವ ದಿನ, ಎಲ್ಲಿ ನಡೆಯಿತು, ಬಂದ ಇಳುವರಿ ಎಷ್ಟು?
(ಈ) ಬಾಕಿ ಇರುವ ಮೊತ್ತವನ್ನು ಯಾವ ಕಾಲಮಿತಿಯಲ್ಲಿ ಪಾವತಿಸಲಾಗುವುದು?

ನನ್ನ ಮಟ್ಟಿಗೆ ಇಲ್ಲಿ ಮುಖ್ಯವಾದದ್ದು (ಇ). ಪ್ರಮುಖ ಬೆಳೆಗಳ ವಿಮೆ ತೀರ್ಮಾನವಾಗುವುದು ಒಬ್ಬ ರೈತನ ಹೊಲ ನೋಡಿ ಅಲ್ಲ, ಇಡೀ ಪಂಚಾಯಿತಿಯ ಸರಾಸರಿ ಇಳುವರಿ ನೋಡಿ. ಆ ಲೆಕ್ಕ ಹುಟ್ಟುವುದು ಕಟಾವು ಪ್ರಯೋಗದಲ್ಲಿ, ಅಂದರೆ ಆಯ್ದ ಕೆಲವು ಹೊಲಗಳಲ್ಲಿ ಬೆಳೆ ಕೊಯ್ದು ತೂಗಿ ನೋಡುವಲ್ಲಿ. ಮುಂಗಾರು ಆಹಾರ ಬೆಳೆಗೆ ವಿಮಾ ಮೊತ್ತದ ಶೇ 2ರವರೆಗೆ ಕಂತು ಕಟ್ಟಿದ ರೈತನಿಗೆ ಆ ಲೆಕ್ಕ ನೋಡುವ ಹಕ್ಕಿಲ್ಲವೇ?

ಶಾಲೆ ವಿಷಯದಲ್ಲಿ ‘ಶಿಕ್ಷಕರ ಕೊರತೆ ಇದೆಯೇ’ ಎಂದು ಕೇಳಿ ನಿಲ್ಲಿಸಬೇಡಿ. ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಅತಿಥಿ ಶಿಕ್ಷಕರೆಷ್ಟು, ಅವರಿಗೆ ಗೌರವಧನ ಯಾವ ತಿಂಗಳವರೆಗೆ ಬಂದಿದೆ ಎಂದು ಶಾಲಾವಾರು ಕೇಳಿ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 1ರಿಂದ 5ನೇ ತರಗತಿಗೆ 30 ಮಕ್ಕಳಿಗೆ ಒಬ್ಬರು, 6ರಿಂದ 8ಕ್ಕೆ 35 ಮಕ್ಕಳಿಗೆ ಒಬ್ಬರು ಶಿಕ್ಷಕರು ಎಂದಿದೆ. ಜಿಲ್ಲೆಯ ಸರಾಸರಿ ಚೆನ್ನಾಗಿ ಕಾಣಬಹುದು. ಗಡಿಯ ಹಳ್ಳಿ ಶಾಲೆಯ ಸ್ಥಿತಿ ಅದರೊಳಗೆ ಮುಚ್ಚಿಹೋಗುತ್ತದೆ.

ಯಾರ ಕೈಗೆ ಕೊಡಬೇಕು?

ನಿಮ್ಮ ಶಾಸಕರಿಗೆ, ಇಲ್ಲವೇ ಅವರ ಆಪ್ತ ಸಹಾಯಕರಿಗೆ. ಅಧಿವೇಶನದ ದಿನಾಂಕ ಗೊತ್ತಾದ ತಕ್ಷಣ ಕೊಡಿ. ಪ್ರಶ್ನೆಯನ್ನು ವಿಧಾನಸಭೆ ಸಚಿವಾಲಯಕ್ಕೆ ಮೊದಲೇ ಸಲ್ಲಿಸಬೇಕಾಗುತ್ತದೆ. ಅಧಿವೇಶನ ಶುರುವಾದ ಮೇಲೆ ಹೋದರೆ ತಡವಾದಂತೆ. ಜೊತೆಗೆ ವಿಮೆ ಕಟ್ಟಿದ ರಸೀದಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಿರ್ಣಯದ ನಕಲು ಇರಲಿ.

ನಿಮ್ಮ ಶಾಸಕರೇ ಮಂತ್ರಿಯಾಗಿದ್ದರೆ ಅವರು ಪ್ರಶ್ನೆ ಕೇಳುವಂತಿಲ್ಲ. ಆಗ ವಿಧಾನ ಪರಿಷತ್ತಿನ ಕಡೆ ನೋಡಿ. ಅಲ್ಲಿನ 75 ಸದಸ್ಯರಲ್ಲಿ 25 ಜನ ಸ್ಥಳೀಯ ಸಂಸ್ಥೆಗಳಿಂದ, 7 ಜನ ಪದವೀಧರರಿಂದ, 7 ಜನ ಶಿಕ್ಷಕರಿಂದ ಆಯ್ಕೆಯಾಗಿ ಬಂದವರು. ಶಿಕ್ಷಕರ ಕ್ಷೇತ್ರದಲ್ಲಿ ಮತ ಇರುವುದು ಪ್ರೌಢಶಾಲೆ ಮತ್ತು ಅದಕ್ಕೆ ಮೇಲಿನವರಿಗೆ ಮಾತ್ರ. ಹಾಗಾಗಿ ಪ್ರಾಥಮಿಕ ಶಾಲೆಯ ಪ್ರಶ್ನೆಯನ್ನು ಪೋಷಕರೇ ಮುಂದೆ ನಿಂತು ಮುಟ್ಟಿಸಬೇಕು.

ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಉತ್ತರಿಸುತ್ತಾರೆ, ಶಾಸಕರು ಉಪಪ್ರಶ್ನೆ ಹಾಕಿ ಪಟ್ಟು ಹಿಡಿಯಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಅಂಕಿಅಂಶ ಬೇಕಿದ್ದರೆ ಎರಡನೆಯದೇ ಸಾಕು. ಬಿತ್ತನೆ ಸಮಯಕ್ಕೆ ಗೊಬ್ಬರವೇ ಸಿಗದಂಥ ತುರ್ತಿದ್ದರೆ ಶೂನ್ಯವೇಳೆ (ತುರ್ತು ವಿಷಯ ಎತ್ತಲು ಸದನದಲ್ಲಿ ಸಿಗುವ ಹೊತ್ತು) ಅಥವಾ ಗಮನ ಸೆಳೆಯುವ ಸೂಚನೆಯ ದಾರಿ ಇದೆ.

ಪ್ರಶ್ನೆ ಅಂಗೀಕಾರವಾದ ಮೇಲೆ ಕೆಳಗಿನ ಕಚೇರಿಗಳಲ್ಲಿ ಓಡಾಟ ಶುರುವಾಗುತ್ತದೆ. ಅಧಿಕಾರಿಗಳು ಇದನ್ನು, ಅಂದರೆ ವಿಧಾನಸಭೆಯ ಪ್ರಶ್ನೆಯನ್ನು, ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿ ‘ಎಲ್‌ಎಕ್ಯೂ’ ಎನ್ನುತ್ತಾರೆ. ಶಾಲೆಯ ಪ್ರಶ್ನೆಯಾದರೆ ಬೆಂಗಳೂರಿನಿಂದ ಜಿಲ್ಲೆಯ ಡಿಡಿಪಿಐ (ಶಿಕ್ಷಣ ಇಲಾಖೆ ಉಪನಿರ್ದೇಶಕರು), ಅಲ್ಲಿಂದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಅಲ್ಲಿಂದ ಮುಖ್ಯ ಶಿಕ್ಷಕರವರೆಗೆ ಮಾಹಿತಿ ಕೇಳಿ ಬರುತ್ತದೆ. ಧೂಳು ಹಿಡಿದ ಕಡತ ತೆರೆಯಲೇಬೇಕಾಗುತ್ತದೆ. ಎಷ್ಟೋ ಸಲ ಉತ್ತರ ಸಿದ್ಧವಾಗುವ ಮೊದಲೇ ಕೆಲಸ ಅಲ್ಲಾಡುತ್ತದೆ.

ಉತ್ತರ ಬಂದ ಮೇಲೆ

ವಿಧಾನಮಂಡಲದ ಜಾಲತಾಣದಲ್ಲಿ ಪ್ರಶ್ನೋತ್ತರಗಳು ಸಿಗುತ್ತವೆ. ಓದುವಾಗ ಕೆಲವು ಮಾತುಗಳ ಕೆಳಗೆ ಗೆರೆ ಎಳೆಯಿರಿ. ‘ಪರಿಶೀಲನೆಯಲ್ಲಿದೆ’, ‘ಅನುದಾನದ ಲಭ್ಯತೆ ಆಧರಿಸಿ’, ‘ಹಂತ ಹಂತವಾಗಿ’ ಎಂದಿದ್ದರೆ ಸರ್ಕಾರ ಏನನ್ನೂ ಒಪ್ಪಿಕೊಂಡಿಲ್ಲ. ‘ಅನುಬಂಧದಲ್ಲಿ ಒದಗಿಸಿದೆ’ ಎಂದಿದ್ದರೆ ಅನುಬಂಧವನ್ನು ಬಿಡಬೇಡಿ, ಊರವಾರು ಲೆಕ್ಕ ಅಲ್ಲೇ ಇರುತ್ತದೆ. ಮಂತ್ರಿ ಸದನದಲ್ಲಿ ‘ಮಾಡಿಕೊಡುತ್ತೇವೆ’ ಎಂದು ಮಾತು ಕೊಟ್ಟಿದ್ದರೆ ಅದು ಸರ್ಕಾರಿ ಭರವಸೆ. ಅದು ಈಡೇರಿತೇ ಎಂದು ನೋಡಲು ಶಾಸಕರದ್ದೇ ಭರವಸೆಗಳ ಸಮಿತಿ ಇದೆ. ಆ ಸಮಿತಿಗೆ ವಿಷಯ ಒಯ್ಯುವಂತೆ ನಿಮ್ಮ ಶಾಸಕರನ್ನು ಕೇಳಿ.

ಉತ್ತರದ ಪ್ರತಿಯನ್ನು ಗ್ರಾಮಸಭೆಯಲ್ಲಿ, ಎಸ್‌ಡಿಎಂಸಿ ಸಭೆಯಲ್ಲಿ ಜೋರಾಗಿ ಓದಿಸಿ. ಭರ್ತಿಯಾಗಿದೆ ಎಂದ ಹುದ್ದೆ ಖಾಲಿ ಇದ್ದರೆ, ಹಣ ಪಾವತಿಯಾಗಿದೆ ಎಂದ ಪಟ್ಟಿಯಲ್ಲಿರುವ ರೈತರ ಖಾತೆಗೆ ಬಂದೇ ಇಲ್ಲದಿದ್ದರೆ, ಪಾಸ್‌ಬುಕ್ ನಕಲಿನ ಜೊತೆ ಅದನ್ನು ಬರೆದು ಶಾಸಕರಿಗೆ ಕೊಡಿ. ಸದನಕ್ಕೆ ತಪ್ಪು ಮಾಹಿತಿ ಕೊಡುವುದು ಸಣ್ಣ ವಿಷಯವಲ್ಲ, ಬೇಕೆಂದೇ ಕೊಟ್ಟಿದ್ದರೆ ಹಕ್ಕುಚ್ಯುತಿ (ಸದನದ ಹಕ್ಕಿಗೆ ಧಕ್ಕೆ) ಸೂಚನೆಯವರೆಗೂ ಹೋಗಬಹುದು. ಮುಂದಿನ ಅಧಿವೇಶನದ ಪ್ರಶ್ನೆಯನ್ನು ಆ ಉತ್ತರದ ದಿನಾಂಕ, ಸಂಖ್ಯೆ ನಮೂದಿಸಿಯೇ ಶುರುಮಾಡಿ.